ಅಕ್ಕನ ಕತ್ತರಿ

ಅಕ್ಕನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಕತ್ತರಿಯ ಹಿಡಿಕೆ ಉಜ್ಜಿ ಉಜ್ಜಿ ಹುಣಸೆಬೀಜದಷ್ಟು ಗಟ್ಟಿ ಗಂಟು ಬೆಳೆದಿತ್ತು. ಮಾನ್ವಿ ಊರಿನ ನಮ್ಮ ಮನೆಯ ಪಡಸಾಲೆಯಲ್ಲಿ ಅವಳು ಜಂಪರ್ ಹೊಲಿಯುತ್ತಿದ್ದಳು. ಬಾಗಿಲಲ್ಲಿ ನಿಂತ ಹೆಂಗಸನ್ನು ಒಮ್ಮೆ ನೋಡಿದರೆ ಸಾಕು, ಟೇಪು ಹಿಡಿಯದೆ ಅಳತೆ ಹೇಳುವಳು. ಕತ್ತರಿಯನ್ನು ಮಾತ್ರ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಇನ್ನೊಬ್ಬರ ಕೈಗೆ ಹೋದರೆ ಅದರ ಬಾಯಿ ಕೆಟ್ಟು ಮೊಂಡಾಗುತ್ತದೆ ಎಂದು ದರ್ಜಿಗಳ ನಂಬಿಕೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ತಂಗಿ ನಾನು, ಪಕ್ಕದಲ್ಲಿ ಕೂತು ಹುಕ್ಕು ಹಚ್ಚುತ್ತಿದ್ದೆ.

ಎಪ್ಪತ್ತರ ದಶಕದ ಕೊನೆಗೆ ಅವಳ ಕಾಲುಗಳು ಜೋಮು ಹಿಡಿಯತೊಡಗಿದವು. ಒಂದು ಕಣ್ಣು ಮಂಜಾಗಿ, ತಿಂಗಳಲ್ಲಿ ತಾನೇ ತಿಳಿಯಾಯಿತು. ಒಂದು ವಾರ ನೆಟ್ಟಗೆ ನಡೆಯುವಳು, ಮುಂದಿನ ವಾರ ಗೋಡೆ ಹಿಡಿಯುವಳು. ಬಿದ್ದರೆ, "ನೀ ನೆಲಾ ಸರಿ ಸಾರಿಸೀಯೋ ಇಲ್ಲೋ ನೋಡಾಕತ್ತೀನಿ" ಎನ್ನುವಳು. ನನಗೆ ನಗು ಬರುತ್ತಿರಲಿಲ್ಲ. ಸೋಗು ಎಂದುಕೊಂಡಿದ್ದೆ. ಒಂದು ದಿನ ಗಿರಾಕಿಗಳ ಮುಂದೆಯೇ ಅಂದುಬಿಟ್ಟೆ.

"ನಿನ್ನೆ ಸಂತಿಗೆ ಹೋಗಿ ಬಂದಿ. ಇವತ್ತು ಕೆಲಸ ಅಂದಕೂಡ್ಲೆ ಕಾಲು ಜೋಮು ಹಿಡದ್ವೇನು?"

ಮೂರನೆಯ ದಿನ ಅಕ್ಕ ಕತ್ತರಿಗೆ ಎಣ್ಣೆ ಹಚ್ಚಿ ನನ್ನ ಕೈಗಿಟ್ಟಳು. "ಇನ್ಮ್ಯಾಲೆ ನಿಂದು." ಯಾಕೆಂದು ನಾನು ಕೇಳಲಿಲ್ಲ. ಹಿಗ್ಗಿದೆ.

ಅಂದೇ ಮಧ್ಯಾಹ್ನ, ವರ್ಷಗಳಿಂದ ಮನೆಗೆ ಬಂದು ಹೋಗುತ್ತಿದ್ದ ದೇವದುರ್ಗದ ಬಳೆಗಾರ್ತಿ ಬಂದಳು. ನನ್ನ ಕೈಯಲ್ಲಿ ಕತ್ತರಿ ಕಂಡವಳೇ ಬುಟ್ಟಿ ಇಳಿಸಿ ಅಕ್ಕನ ಎದುರು ಕೂತಳು.

"ಕತ್ತರಿ ಕೊಟ್ಟಿ ಅಂದ್ರ ಏನಬೇ? ಸಾಯೋ ವಿಚಾರ ಮಾಡೀಯೇನು?"

"ಹೂಂ ಯವ್ವಾ. ನನ್ನ ಮೈ ನನ್ನ ಮಾತು ಕೇಳವಲ್ದು. ಯಾರೂ ನಂಬವಲ್ರು" ಎಂದು ಅಕ್ಕ ಅತ್ತಳು.

ಯಾರೂ ಎಂದರೆ ನಾನು.

ಬಳೆಗಾರ್ತಿ ಅವತ್ತು ಊರಿಗೆ ಹೋಗಲಿಲ್ಲ. ಮರುದಿನ ಮೂವರೂ ಬಸ್ಸು ಹತ್ತಿ ರಾಯಚೂರಿನ ಆಸ್ಪತ್ರೆಗೆ ಹೋದೆವು. ಅಲ್ಲಿಂದ ಹೈದರಾಬಾದಿಗೆ ಕಳಿಸಿದರು. ನರಗಳ ಆ ಬೇನೆಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಹೆಸರು ಸಿಕ್ಕಿತು. ತಿರುಗಿ ಬಂದಾಗ ರಾಯಚೂರಿನ ಡಾಕ್ಟರು ನನಗೆ ಹೇಳಿದರು: "ಇದು ಬರ್ತದ, ಹೋಗ್ತದ. ಸೋಗಲ್ಲ. ಈ ಬೇನ್ಯಾಗ ಜೀವ ಬ್ಯಾಡ ಅನಸೋದೂ ಅದ. ಕಾಲು ಹ್ಯಾಂಗದ ಅಂತ ಕೇಳಿದಂಗ ಮನಸ್ಸು ಹ್ಯಾಂಗದ ಅಂತನೂ ಕೇಳ್ರಿ."

ಕತ್ತರಿ ತಿರುಗಿ ಕೊಟ್ಟೆ. ಅಕ್ಕ ಕೂತಲ್ಲೇ ಬಟ್ಟೆ ಕತ್ತರಿಸಿದಳು, ನಾನು ಮಷೀನು ತುಳಿದೆ. ಬೆರಳು ನಡುಗಿದರೆ ಬಟ್ಟೆಯ ಮೇಲೆ ಹಲಗೆ ಒತ್ತಿಟ್ಟು ಕತ್ತರಿಸುವಳು. ಗೆರೆ ಸೊಟ್ಟಾಗಿದ್ದನ್ನು ನಾನು ಕಾಣೆ. ದಿನಾ ಚಹಾ ಕೊಡುವಾಗ ಮನಸ್ಸು ಹೇಗಿದೆ ಎಂದು ಕೇಳುತ್ತಿದ್ದೆ. "ಇವತ್ತು ಛಲೋ ಇಲ್ಲ" ಎಂದ ದಿನ ಮಷೀನು ನಿಲ್ಲಿಸಿ ಪಕ್ಕದಲ್ಲೇ ಕೂಡುತ್ತಿದ್ದೆ. ಹೀಗೆ ಎಂಟು ವರ್ಷ.

ಕೊನೆಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಜೀವ ಹೋಗುವ ದಿನ ಮುಂಜಾನೆ ಮಷೀನಿನ ಕಡೆ ನೋಡಿದಳು.

"ಕತ್ತರಿ ಮುಟ್ಟಿಲ್ಲಲ್ಲ ನೀ?"

"ಇಲ್ಲಬೇ."

"ಮುಟ್ಟಬ್ಯಾಡ. ನಂಗ ಬೇಕದು."