ಪುಷ್ಪಳ ಮೈಬಣ್ಣ

ರಾಧಾಮಣಿಗೆ ಹೊಟ್ಟೆಕಿಚ್ಚಿತ್ತು. ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ, ಅವಳೂ ಅದನ್ನು ಮುಚ್ಚಿಟ್ಟವಳಲ್ಲ. ಬದುಕಿರುವ ಹೆಂಗಸಿನ ಮೇಲಾಗಿದ್ದರೆ ಎದುರು ನಿಂತು ಜಗಳವಾಡಿ ಮುಗಿಸಿಬಿಡುತ್ತಿದ್ದಳು, ಅಷ್ಟು ಗಟ್ಟಿ ಬಾಯಿ ಅವಳದು. ಆದರೆ ಅವಳ ಕಿಚ್ಚೆಲ್ಲ ಸತ್ತವಳ ಮೇಲೆ. ಗಂಡನ ಮೊದಲ ಹೆಂಡತಿ ಪುಷ್ಪ, ಮದುವೆಯಾದ ಎರಡನೇ ವರ್ಷವೇ ಡೆಂಗಿ ಜ್ವರದಲ್ಲಿ ತೀರಿಕೊಂಡವಳು, ನಡುಮನೆಯ ಗೋಡೆಯ ಮೇಲೆ ಫೋಟೋ ಆಗಿ ಕೂತಿದ್ದಳು. ಫೋಟೋದ ಜೊತೆ ಯಾರು ಜಗಳವಾಡುತ್ತಾರೆ?

ನಾನು ಶಶಿರೇಖ. ರಾಬರ್ಟ್‌ಸನ್‌ಪೇಟೆಯ ಕುಪ್ಪುಸ್ವಾಮಿಯವರ ಫೋಟೋ ಲ್ಯಾಬಿನಲ್ಲಿ ಆಲ್ಬಂ ಕತ್ತರಿಸಿ ಜೋಡಿಸುವವಳು. ರಾಧಾಮಣಿ ಪ್ರಿಂಟರ್ ನೋಡಿಕೊಳ್ಳುವವಳು. ನಾನು ಉರಿಗಾಂನಿಂದ ಆಟೋದಲ್ಲಿ ಬರುತ್ತೇನೆ, ಅವಳು ಬಂಗಾರಪೇಟೆ ಆಚೆಯ ಹಳ್ಳಿಯಿಂದ ಬಸ್ಸು ಹತ್ತಿ ಬರುತ್ತಾಳೆ. ಪಕ್ಕಪಕ್ಕದ ಕುರ್ಚಿ, ಒಟ್ಟಿಗೆ ಬಿಚ್ಚುವ ಊಟದ ಡಬ್ಬಿ. ಹಾಗಾಗಿ ಪುಷ್ಪಳ ವಿಷಯ ನನಗೆ ನನ್ನ ಸ್ವಂತ ನಾದಿನಿಯ ವಿಷಯಕ್ಕಿಂತ ಚೆನ್ನಾಗಿ ಗೊತ್ತು.

ರಾಧಾಮಣಿ ಬೇತಮಂಗಲದ ರೈತರ ಮಗಳು. ಪಿಯುಸಿ ಮುಗಿಸಿ ಕಂಪ್ಯೂಟರ್ ಕ್ಲಾಸಿಗೆ ಸೇರಿ ಫೋಟೋ ತಿದ್ದುವುದನ್ನು ಕಲಿತಳು. ಕಪ್ಪು ಅಂತ ಎರಡು ಸಂಬಂಧ ಬಾಗಿಲವರೆಗೂ ಬಂದು ವಾಪಸ್ಸು ಹೋದವು. ಮೂರನೆಯದು ಮುನೀಂದ್ರ, ಅವಳು ಈಗಿರುವ ಹಳ್ಳಿಯ ಹಾಲಿನ ಡೈರಿಯ ಕಾರ್ಯದರ್ಶಿ, ಮೊದಲ ಹೆಂಡತಿ ಸತ್ತವನು. ಒಳ್ಳೆಯ ಮನುಷ್ಯ. ಕುಡಿತವಿಲ್ಲ, ಕೈ ಎತ್ತಿದವನಲ್ಲ, ಹೆಂಡತಿ ಕೆಲಸಕ್ಕೆ ಹೋಗುವುದಕ್ಕೆ ಬೇಡ ಅಂದವನೂ ಅಲ್ಲ. ರಾಧಾಮಣಿಗೆ ಅದೇ ಸಿಟ್ಟು. “ಬೈಯೋದಾದ್ರೂ ಮಾಡ್ಲಿ ಶಶಕ್ಕ, ಪಕ್ಕದ ಮನೆಯೋಳ್ನ ಮಾತಾಡ್ಸಿದಂಗೆ ಮಾತಾಡ್ಸ್ತಾರೆ” ಅನ್ನುವಳು.

ಅತ್ತೆ ಮುನಿನಾರಾಯಣಮ್ಮನವರೂ ಕೆಟ್ಟವರಲ್ಲ. ಬಾಯಲ್ಲಿ ಪುಷ್ಪಳ ಹೆಸರು ಮಾತ್ರ ನಿಲ್ಲುತ್ತಿರಲಿಲ್ಲ. ಹಸು ಒದ್ದರೆ “ಪುಷ್ಪ ಕರೆಯೋವಾಗ ಒದೀತಿರ್ಲಿಲ್ಲ.” ಮುದ್ದೆ ಗಂಟಾದರೆ ಪುಷ್ಪ, ಪಕ್ಕದ ಮನೆಯ ಮಗು ಅತ್ತರೆ ಪುಷ್ಪ. ಇವಳು ಎಲ್ಲವನ್ನೂ ಕೇಳಿಸಿಕೊಂಡು ಬಂದು ನನ್ನ ಮುಂದೆ ಡಬ್ಬಿ ಬಿಚ್ಚುತ್ತಾ ಒಂದೊಂದೇ ಹೊರಗೆ ಹಾಕುತ್ತಿದ್ದಳು.

ಆದರೂ ಅವಳು ತನಗೆ ತಾನೇ ಒಂದು ಸಮಾಧಾನ ಹೇಳಿಕೊಂಡಿದ್ದಳು. ಗೋಡೆಯ ಫೋಟೋದಲ್ಲಿ ಪುಷ್ಪ ಬೆಳ್ಳಗಿದ್ದಳು, ಹಾಲಿನಲ್ಲಿ ಅದ್ದಿ ತೆಗೆದ ಹಾಗೆ. “ಬಿಳೀ ತೊಗಲಿಗೆ ಸೋತವ್ರೆ ತಾಯಿ ಮಗ ಇಬ್ರೂ. ಅದು ನನ್ ಕೈಲಿ ಇರೋದಾ ಏಳು? ದೇವ್ರು ಕೊಡ್ಬೇಕು, ಕೊಡ್ಲಿಲ್ಲ. ನನ್ ತಪ್ಪೇನೈತೆ?” ಆ ಮಾತು ಹೇಳುವಾಗ ಅವಳ ಮುಖ ಸ್ವಲ್ಪ ಸಡಿಲವಾಗುತ್ತಿತ್ತು. ಇನ್ನೊಂದು ಸಮಾಧಾನವೂ ಇತ್ತು. ಮುನೀಂದ್ರ ಆ ಫೋಟೋವನ್ನು ಕಣ್ಣೆತ್ತಿ ನೋಡುತ್ತಿರಲಿಲ್ಲ. ಅದರ ಕೆಳಗೇ ಕೂತು ಊಟ ಮಾಡಿ, ಕೈ ತೊಳೆದು, ಡೈರಿಗೆ ಹೋಗುತ್ತಿದ್ದ.

ಲ್ಯಾಬಿನಲ್ಲಿ ನಾವು ಅವಳನ್ನು ‘ಎರಡು ಸಾರಿ ರಾಧಾಮಣಿ’ ಅಂತ ರೇಗಿಸುತ್ತಿದ್ದೆವು. ಹೊಸ ಕಾಗದ ಬಂದಾಗ, ಅದರ ಮೇಲೆ ತನ್ನ ಇಂಕು ಯಾವ ಬಣ್ಣ ಕೊಡುತ್ತದೆ ಅಂತ ಪ್ರಿಂಟರಿಗೆ ಗೊತ್ತಿರುವುದಿಲ್ಲ. ಅದಕ್ಕೇ ನೂರಾರು ಪುಟ್ಟ ಬಣ್ಣದ ಚೌಕಗಳಿರುವ ಚಾರ್ಟು ಪ್ರಿಂಟ್ ಮಾಡಿ, ಚೆನ್ನಾಗಿ ಒಣಗಿಸಿ, ಬಣ್ಣ ಅಳೆಯುವ ಮೀಟರನ್ನು ಸಾಲುಸಾಲಾಗಿ ಅದರ ಮೇಲೆ ಎಳೆಯಬೇಕು. ಆ ಅಳತೆಯಿಂದ ಕಂಪ್ಯೂಟರ್ ಆ ಕಾಗದಕ್ಕೆಂದೇ ಒಂದು ಪ್ರೊಫೈಲ್, ಅಂದರೆ ಬಣ್ಣ ಸರಿಮಾಡುವ ಲೆಕ್ಕದ ಪಟ್ಟಿ, ಮಾಡಿಕೊಳ್ಳುತ್ತದೆ. ಮೀಟರ್ ತಪ್ಪು ಓದಿತೋ, ಪ್ರಿಂಟರ್ ಆ ತಪ್ಪನ್ನೇ ಪಾಠ ಮಾಡಿಕೊಂಡು ಮುಂದೆ ಬರುವ ಮದುಮಕ್ಕಳನ್ನೆಲ್ಲ ಕಾಮಾಲೆ ರೋಗಿಗಳನ್ನಾಗಿ ಮಾಡುತ್ತದೆ. ರಾಧಾಮಣಿ ಪ್ರತಿ ಸಾಲನ್ನೂ ಎರಡು ಸಾರಿ ಓದಿಸಿ, ಎರಡೂ ಅಳತೆಗಳನ್ನು ಪಕ್ಕಪಕ್ಕ ಇಟ್ಟು ನೋಡುವಳು. ಹೊಂದದಿದ್ದರೆ ಮೀಟರಿನ ಜೊತೆ ಬಂದ ಬಿಳಿ ಬಿಲ್ಲೆಯನ್ನು ಒರೆಸಿ, ಮೀಟರನ್ನು ಅದರ ಮೇಲಿಟ್ಟು ಸರಿಮಾಡಿಕೊಂಡು ಇನ್ನೊಂದು ಸಾರಿ ಓದಿಸುವಳು.

“ಒರು ತಡವೆ ಪೋದುಂ ಮಾ, ಒಂದ್ ಸಾರಿ ಸಾಕು, ಕಸ್ಟಮರ್ ಕಾಯ್ತಾವ್ರೆ” ಅಂತ ಕುಪ್ಪುಸ್ವಾಮಿ ತಮಿಳು ಬೆರೆಸಿ ಗೊಣಗುತ್ತಿದ್ದರು.

“ಕೈ ಒಸಿ ಜಾರಿದ್ರೂ ಮುಖ ಕೆಟ್ಟೋಯ್ತದೆ ಅಣ್ಣ” ಅನ್ನುವಳು ಇವಳು, ತಲೆ ಎತ್ತದೆ.

ಈ ಸಲ ಮಹಾಲಯ ಅಮಾವಾಸ್ಯೆ ಹತ್ತಿರ ಬಂದಾಗ ಅತ್ತೆ ಸೊಸೆಗೇ ಒಂದು ಕೆಲಸ ಹೇಳಿದರು. ಪುಷ್ಪಳ ಫೋಟೋ ಬಾಗಿಲಿನ ಬಿಸಿಲಿಗೆ ಮಾಸಿಹೋಗಿದೆ, ಹಿರಿಯರಿಗೆ ಎಡೆ ಇಡುವ ದಿನಕ್ಕೆ ಹೊಸದು ಮಾಡಿಕೊಡು ಅಂತ. “ನೀನೇ ಆ ಕೆಲ್ಸ ಮಾಡೋಳು ಮನೇಲಿರೋವಾಗ ಬೇರೆಯೋರತ್ರ ಯಾಕೋಗನ ಅಮ್ಮಣ್ಣಿ?”

ಮಾರನೆಯ ದಿನ ಲ್ಯಾಬಿಗೆ ಬಂದವಳ ಮುಖ ನೋಡಬೇಕಿತ್ತು. ಫೋಟೋ ಇದ್ದ ಚೀಲವನ್ನು ಮೇಜಿನ ಮೇಲೆ ಕುಕ್ಕಿದಳು. “ನನ್ ಕೈಯಾಗೇ ಅವಳಿಗೆ ಸಿಂಗಾರ ಮಾಡುಸ್ತಾವ್ರೆ ನೋಡು ಶಶಕ್ಕ!”

ನಾನು ಫೋಟೋ ತೆಗೆದು ನೋಡಿದೆ. ಮೊದಲೇ ಫ್ಲಾಶ್ ಜಾಸ್ತಿ ಬಡಿದ ಮದುವೆ ಫೋಟೋ, ಅದರ ಮೇಲೆ ವರ್ಷಗಟ್ಟಲೆ ಬಿಸಿಲು. ಸೀರೆ ಪೇಲವ ಗುಲಾಬಿಯಾಗಿ ಕಾಣುತ್ತಿತ್ತು. ಮುಖದಲ್ಲಿ ಕಣ್ಣು, ಬೊಟ್ಟು, ಮೂಗುಬೊಟ್ಟು ಬಿಟ್ಟರೆ ಉಳಿದದ್ದೆಲ್ಲ ಬಿಳಿ. “ಇದರ ಬಣ್ಣ ನಂಬೋಕಾಗಲ್ಲ ಕಣೆ. ಅಸಲಿ ಸೀರೆ ಮನೇಲಿದ್ರೆ ತಗೊಂಬಾ. ಸೀರೆ ಬಣ್ಣ ಸರಿಹೋದ್ರೆ ಮಿಕ್ಕಿದ್ದೂ ಅದರ ಜೊತೆಗೇ ಸರಿಹೋಗ್ತದೆ” ಅಂದೆ. ಸುಮ್ಮನೆ ಕೆಲಸದ ಮಾತಾಗಿ ಅಂದಿದ್ದು.

ಸೀರೆ ಮನೆಯಲ್ಲೇ ಇತ್ತು. ಯಾರಿಗೂ ಬೀಗದ ಕೈ ಕೊಡದ ಅತ್ತೆ ತಾವೇ ಟ್ರಂಕು ತೆಗೆದು ಎತ್ತಿಕೊಟ್ಟರಂತೆ. ಬದನೆಕಾಯಿ ಬಣ್ಣದ ರೇಷ್ಮೆ, ಮಡಿಕೆಯ ಒಳಗೆ ನಿನ್ನೆ ಅಂಗಡಿಯಿಂದ ತಂದ ಹಾಗಿತ್ತು. ರಾಧಾಮಣಿ ಅದನ್ನು ಮೇಜಿನ ಮೇಲೆ ಹರಡಿ ಮೀಟರ್ ಇಟ್ಟಳು. ರೇಷ್ಮೆ ಒಂದು ಕಡೆಯಿಂದ ನೋಡಿದರೆ ಹೊಳೆಯುತ್ತದೆ, ಇನ್ನೊಂದು ಕಡೆಯಿಂದ ಮಂಕಾಗುತ್ತದೆ. ಅದಕ್ಕೇ ಉದ್ದಕ್ಕೆ, ಅಡ್ಡಕ್ಕೆ, ಮತ್ತೆ ಓರೆಯಾಗಿ ಅಳೆದು ಸರಾಸರಿ ತೆಗೆದಳು. ಸತ್ತವಳ ಸೀರೆಯನ್ನು ಅಷ್ಟು ಹೊತ್ತು ಮುಟ್ಟಬೇಕಾಗಿ ಬಂದದ್ದಕ್ಕೆ ಹಲ್ಲು ಕಚ್ಚಿಕೊಂಡೇ ಇದ್ದಳು. ಆಮೇಲೆ ಸ್ಕ್ಯಾನ್ ಮಾಡಿದ ಫೋಟೋವನ್ನು, ಸೀರೆಗೆ ಸೀರೆ ಹೊಂದುವವರೆಗೂ ತಿದ್ದಿ, ಆ ವಾರವಷ್ಟೇ ಪ್ರೊಫೈಲ್ ಮಾಡಿದ್ದ ಹೊಸ ಕಾಗದದ ಮೇಲೆ ಪ್ರಿಂಟ್ ಕೊಟ್ಟಳು.

ಪ್ರಿಂಟರಿನಿಂದ ಕಾಗದ ಇಂಚಿಂಚಾಗಿ ಹೊರಗೆ ಬಂತು. ಮೊದಲು ಹೂವಿನ ಜಡೆ, ಆಮೇಲೆ ಹಣೆ. ರಾಧಾಮಣಿ ಕುರ್ಚಿಯಿಂದ ಎದ್ದಳು.

“ಶಶಕ್ಕ! ಕಪ್ಪು! ಅವಳೂ ಕಪ್ಪೇ!”

ಅವಳ ಸಂತೋಷ ನೋಡಿ ನನಗೆ ಒಂದು ಕ್ಷಣ ಹೆದರಿಕೆಯೇ ಆಯಿತು. ಪರೀಕ್ಷೆ ಪಾಸಾದವಳ ಹಾಗೆ ನಗುತ್ತಿದ್ದಳು. ಬೆಳ್ಳಗಿದ್ದಳು, ಬೆಳ್ಳಗಿದ್ದಳು ಅಂತ ಇಷ್ಟು ವರ್ಷ ಕರುಳು ಸುಟ್ಟುಕೊಂಡಿದ್ದು ಬರೀ ಫ್ಲಾಶಿಗೆ, ಬರೀ ಬಿಸಿಲಿಗೆ. “ತೋರಿಸ್ತೀನಿ ಇರು ಅತ್ತೆಗೆ. ಅವ್ರ ಚಿನ್ನದ ಗೊಂಬೆ ಎಂಗಿದ್ಲು ಅಂತ ನೋಡ್ಲಿ” ಅಂದಳು.

ಆಮೇಲೆ ನಗು ನಿಲ್ಲಿಸಿದಳು. ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದು ಹಣೆಯಿಂದ ಸೀರೆಯವರೆಗೂ ನೋಡಿದಳು.

“ನಂಗೆ ಏನು ಬೇಕಿತ್ತೋ ಅದೇ ಬಂದೈತೆ” ಅಂದಳು. “ಅಂಗಾದ್ರೆ ಎಲ್ಲೋ ತಪ್ಪಾಗೈತೆ.”

ತಪ್ಪಾಗಿತ್ತು ಕೂಡ. ಆ ವಾರ ತಲೆಯೆಲ್ಲ ಪುಷ್ಪಳ ಫೋಟೋದ ಮೇಲೆಯೇ ಇದ್ದು, ಚಾರ್ಟನ್ನು ಒಂದೇ ಸಾರಿ ಓದಿಸಿ ಬಿಟ್ಟಿದ್ದಳು, ಅದೂ ಅವಳು! ಅತ್ತೆಯ ಮುಂದೆ ಸುಳ್ಳು ಹೇಳಿ ಸಿಕ್ಕಿಬೀಳುವುದು ಅವಳಿಗೆ ಬೇಕಿರಲಿಲ್ಲ. ಗೆದ್ದರೆ ನಿಜದಿಂದಲೇ ಗೆಲ್ಲಬೇಕು ಅನ್ನುವ ಹಟ. ಬಿಳಿ ಬಿಲ್ಲೆ ಒರೆಸಿದಳು, ಮೀಟರಿನ ಬಾಯಿಯ ಧೂಳು ಊದಿದಳು, ಮೇಜಿನ ಕಂದು ಬಣ್ಣ ಕೆಳಗಿನಿಂದ ತೋರದ ಹಾಗೆ ಚಾರ್ಟಿನಡಿ ಬಿಳಿ ಹಾಳೆಗಳನ್ನು ಹಾಸಿದಳು. ಮೊದಲಿನಿಂದ ಎಲ್ಲ ಸಾಲುಗಳನ್ನೂ ಓದಿಸಿದಳು. ಹಳೆಯ ಅಳತೆಯ ಪಕ್ಕ ಇಟ್ಟು ನೋಡಿದರೆ, ಕಂದು ಚೌಕಗಳಿದ್ದ ಒಂದು ಸಾಲು ಹೊಂದುತ್ತಿರಲಿಲ್ಲ. ಇನ್ನೊಮ್ಮೆ ಓದಿಸಿದಳು. ಹೊಸ ಎರಡು ಅಳತೆಗಳು ಒಂದೇ ಆಗಿದ್ದವು, ಹಳೆಯದೇ ಸುಳ್ಳು. ಅದನ್ನು ಕಿತ್ತು ಹಾಕಿ ಹೊಸ ಪ್ರೊಫೈಲ್ ಮಾಡಿ ಮತ್ತೆ ಪ್ರಿಂಟ್ ಕೊಟ್ಟಳು.

ಪುಷ್ಪ ಕೂದಲೆಳೆಯಷ್ಟು ತಿಳಿಯಾದಳು. ಆದರೂ ಕಪ್ಪೇ. ಪ್ರಿಂಟ್ ಒಣಗಿದ ಮೇಲೆ ಅದರಲ್ಲಿದ್ದ ಸೀರೆಯ ಮೇಲೆ ಮೀಟರ್ ಇಟ್ಟರೆ, ಮೇಜಿನ ಮೇಲಿದ್ದ ಸೀರೆಯ ಅಂಕಿಯೇ ಬಂತು. ಪ್ರಿಂಟಿನಲ್ಲಿದ್ದ ಪುಷ್ಪಳ ಕೆನ್ನೆಯ ಮೇಲೆ ಇಟ್ಟಳು. ಆಮೇಲೆ ತನ್ನ ಕೆನ್ನೆಯ ಮೇಲೆ ಇಟ್ಟುಕೊಂಡಳು. ಎರಡು ಅಂಕಿಗಳನ್ನೂ ನಾನೂ ನೋಡಿದೆ. ಅಕ್ಕತಂಗಿಯರಲ್ಲೂ ಅಷ್ಟು ಹೊಂದಿಕೆ ಇರುವುದಿಲ್ಲ.

ಅಮಾವಾಸ್ಯೆಯ ದಿನ ನನ್ನನ್ನೂ ಊಟಕ್ಕೆ ಕರೆದಿದ್ದಳು. ಸಾಕ್ಷಿಗೆ ಕರೆದಿದ್ದಾಳೆ ಅಂತ ನನಗೆ ಗೊತ್ತಿತ್ತು. ನಡುಮನೆಯಲ್ಲಿ ಬಾಳೆಲೆ ಹಾಸಿ ವಡೆ, ಪಾಯಸ, ಅನ್ನ ಬಡಿಸಿದ್ದರು. ರಾಧಾಮಣಿ ಕಾಗದ ಬಿಚ್ಚಿ, ಫ್ರೇಮು ಹಾಕಿಸಿದ್ದ ಹೊಸ ಫೋಟೋವನ್ನು ಅತ್ತೆಯ ಕೈಗೆ ಕೊಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಕೈಕಟ್ಟಿ ನಿಂತಳು.

ಮುನಿನಾರಾಯಣಮ್ಮ ನೋಡಿದರು. ಸೆರಗಿನಿಂದ ಗಾಜು ಒರೆಸಿ ಮತ್ತೆ ನೋಡಿದರು.

“ಎಲ್ಲೋಗಿದ್ಯೇ ನನ್ನವ್ವ ಇಷ್ಟು ದಿನ?” ಅಂದರು ಫೋಟೋಗೆ. “ಆ ಪಟದಾಗೆ ಯಾರೋ ಕೂತಿದ್ಲು, ನಂಗೆ ಒಂದಿನಾನೂ ಗುರ್ತು ಸಿಕ್ಕಿಲ್ಲ. ಇವ್ಳೇ ನನ್ ಪುಷ್ಪ. ಇವ್ಳೇ.” ಆಮೇಲೆ ತಿರುಗಿ ರಾಧಾಮಣಿಯ ಗಲ್ಲ ಸವರಿದರು. “ನೀನು ತಂದ್ಕೊಟ್ಟೆ ಕಣೆ. ನೀನು ಚೆನ್ನಾಗಿರವ್ವ.”

ಆ ಮನೆಗೆ ಬಂದ ಮೇಲೆ ಅತ್ತೆ ಅವಳನ್ನು ಅಷ್ಟು ಪ್ರೀತಿಯಿಂದ ಮುಟ್ಟಿದ್ದು ಅದೇ ಮೊದಲು. ಅದೂ ಪುಷ್ಪಳಿಗಾಗಿ. ರಾಧಾಮಣಿ ಅಲ್ಲಾಡಲಿಲ್ಲ. ಅವಳು ನೋಡುತ್ತಿದ್ದದ್ದು ಗಂಡನನ್ನು. ಡೈರಿಯಿಂದ ಬಂದ ಮುನೀಂದ್ರ ಹೊಸ್ತಿಲ ಹತ್ತಿರವೇ ನಿಂತುಬಿಟ್ಟಿದ್ದ. ಫೋಟೋ ನೋಡುತ್ತಿದ್ದ. ಅಮ್ಮ ಎಡೆಯ ಮುಂದೆ ಅದನ್ನು ಇಟ್ಟರು, ಹೂ ಮುಡಿಸಿದರು, ಊದುಬತ್ತಿ ಹಚ್ಚಿದರು, ಅವನ ಕಣ್ಣು ಅಲ್ಲಿಂದ ಏಳಲಿಲ್ಲ. ತೆಂಗಿನಕಾಯಿ ಒಡೆಯೋ ಅಂತ ಎರಡು ಸಲ ಕರೆಯಬೇಕಾಯಿತು.

ಊಟವಾದ ಮೇಲೆ ರಾಧಾಮಣಿ ಹಿತ್ತಲಲ್ಲಿ ಪಾತ್ರೆ ಮುಂದೆ ಹಾಕಿಕೊಂಡು ಕೂತಿದ್ದಳು, ತೊಳೆಯುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತೆ.

“ಬೆಳ್ಳಗಿದ್ಲು ಅದಕ್ಕೇ ಇಷ್ಟ ಅಂತ ಅನ್ಕೊಂಡು ಬದುಕಿದ್ದೆ ಶಶಕ್ಕ” ಅಂದಳು. “ಈಗ ನೋಡಿದ್ರೆ ನನ್ ಬಣ್ಣಾನೇ. ಒಸಿಯೂ ಎಚ್ಚು ಕಮ್ಮಿ ಇಲ್ಲ, ನಾನೇ ಅಳ್ದಿದ್ದೀನಲ್ಲ. ಅಂಗಾದ್ರೆ ಅವಳತ್ರ ಇದ್ದು ನನ್ನತ್ರ ಇಲ್ದಿರೋದು ಏನು?”

ಆಗಲೇ ಮುನೀಂದ್ರ ಹಿತ್ತಲ ಬಾಗಿಲಿಗೆ ಬಂದ. ನನ್ನನ್ನು ಕಂಡು ಸ್ವಲ್ಪ ತಡವರಿಸಿದ.

“ರಾಧ, ಅದರದ್ದೇ ಒಂದು ಚಿಕ್ಕದು ಮಾಡ್ಕೊಡೋಕಾಯ್ತದಾ? ಪರ್ಸಲ್ಲಿ ಇಡೋವಷ್ಟು.”

ನಾಲ್ಕು ವರ್ಷದ ಸಂಸಾರದಲ್ಲಿ ಅವನು ಅವಳನ್ನು ಬಾಯಿಬಿಟ್ಟು ಏನಾದರೂ ಕೇಳಿದ್ದು ಅದೇ ಮೊದಲಂತೆ. “ಮಾಡ್ಕೊಡ್ತೀನಿ” ಅಂದಳು.

ಮಾರನೆಯ ದಿನ ಲ್ಯಾಬಿನಲ್ಲಿ ಆ ಫೋಟೋ ತೆರೆದಳು. ಗಾತ್ರ ಚಿಕ್ಕದು ಮಾಡಿದಳು. ಆಮೇಲೆ ಮುಖವನ್ನು ಮಾತ್ರ ಆರಿಸಿಕೊಂಡು ತಿಳಿ ಮಾಡುತ್ತಾ ಹೋದಳು. ಗೋಧಿ ಬಣ್ಣವಾಯಿತು, ಇನ್ನೂ ತಿಳಿಯಾಯಿತು. ಒಂದು ಹಂತದಲ್ಲಿ ಪುಷ್ಪ ಆ ಮುಖದೊಳಗಿಂದ ಎದ್ದು ಹೋಗಿಬಿಟ್ಟಳು. ಮಿಕ್ಕಿದ್ದು ಕಣ್ಣು, ಬೊಟ್ಟು, ಬಿಳಿ. ಹೊಟ್ಟೆಕಿಚ್ಚಿಗೆ ಸವತಿಯ ಮುಖಕ್ಕೆ ಮಸಿ ಬಳಿಯುವವರನ್ನು ಕೇಳಿದ್ದೆ, ಸುಣ್ಣ ಬಳಿದವಳನ್ನು ಅವತ್ತೇ ಕಂಡದ್ದು.

“ಅತ್ತೆಗೆ ಗೋಡೆ ಮೇಲೆ ನಿಜವಾದೋಳೇ ಇರ್ಲಿ” ಅಂದಳು, ನನ್ನ ಕಡೆ ತಿರುಗದೆ. “ನಮ್ಮನೆಯೋರ ಎದೆ ಜೇಬಲ್ಲಿ ಬ್ಯಾಡ.”

ಪ್ರಿಂಟ್ ಬಂತು. ಈ ಸಲ ಮೀಟರ್ ಮುಟ್ಟಲಿಲ್ಲ. ಕಾಗದವನ್ನು ನನ್ನ ಮೇಜಿಗೆ ತಳ್ಳಿದಳು. ಹಾಗೆ ಮಾಡಬೇಡ ಅನ್ನಲು ನನಗೆ ಬಾಯಿ ಇತ್ತು, ಅನ್ನಲಿಲ್ಲ. ಅಂಚು ಹಿಡಿದು, ಪರ್ಸಿನ ಅಳತೆಗೆ ಕತ್ತರಿಸಿ, ಕವರಿನಲ್ಲಿ ಹಾಕಿ ಕೊಟ್ಟೆ.