ಕೊಬ್ಬರಿಯಂತೆ ಒಣಗಿಸಿದ ದೋಣಿ

ನನ್ನ ಗಂಡ ಹಾಯಿದೋಣಿ ಕೊಂಡಾಗ ಅವರಿಗೆ ಅರವತ್ತೆರಡು ವರ್ಷ, ಈಜು ಬರುತ್ತಿರಲಿಲ್ಲ. ನನಗೂ ಬರುವುದಿಲ್ಲ. ಅರಸೀಕೆರೆಯಲ್ಲಿ ಬಾಳಿದವರಿಗೆ ನೀರು ಎಂದರೆ ನಲ್ಲಿಯಲ್ಲಿ ಬರುವುದು, ಅದೂ ಬಂದರೆ.

ನೆಂಟರ ಮನೆಯ ಲಗ್ನಪತ್ರಿಕೆ ಕೊಡಲು ಬಿಕ್ಕೋಡಿನ ಕಡೆ ಹೋಗಿದ್ದರು. ಅಲ್ಲಿ ಕಾಫಿ ತೋಟದ ಸಾಹುಕಾರರೊಬ್ಬರು ಯಗಚಿ ಹಿನ್ನೀರಿನಲ್ಲಿ ಆಡುವುದಕ್ಕೆಂದು ಯಾವ ಕಾಲದಲ್ಲೋ ತರಿಸಿದ್ದ ಮರದ ದೋಣಿ ಗೋದಾಮಿನ ಹಿಂದೆ ಬೋರಲು ಬಿದ್ದಿತ್ತಂತೆ. ಮೇಲೆ ಮೆಣಸಿನ ಬಳ್ಳಿ ಹಬ್ಬಿತ್ತು, ಕೆಳಗೆ ಕೋಳಿ ಮೊಟ್ಟೆ ಇಡುತ್ತಿತ್ತು. ಪತ್ರಿಕೆ ಕೊಟ್ಟು ದೋಣಿ ತಂದರು. ಬೇಲೂರಿನಲ್ಲಿ ಕಾಫಿಗೆಂದು ಟೆಂಪೋ ನಿಲ್ಲಿಸಿದಾಗ ಯಾರೋ ಒಬ್ಬರು "ತೆಪ್ಪೋತ್ಸವಕ್ಕಾ ಸ್ವಾಮಿ?" ಎಂದು ಕೈ ಮುಗಿದರಂತೆ. ಇವರು ಹೌದು ಎಂದರಂತೆ. ಆ ಹೊತ್ತಿನಿಂದಲೇ ಈ ದೋಣಿಯ ವಿಷಯದಲ್ಲಿ ಸುಳ್ಳು ಶುರುವಾಯಿತು.

ನಿಜ ಏನೆಂದು ನಾನು ಹೇಳಿಬಿಡುತ್ತೇನೆ. ಅವರ ಕಿವಿ ಹೋಗುತ್ತಿತ್ತು.

ಕೊಬ್ಬರಿ ವ್ಯಾಪಾರ ಬಲ್ಲವರಿಗೆ ಇದರ ಅರ್ಥ ಗೊತ್ತು. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತ ಕಾಯಿಯೊಳಗೆ ಕೊಬ್ಬರಿ ಒಣಗಿ, ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಎನ್ನಬೇಕು. ಹಸಿಯಿದ್ದರೆ ಬೂಷ್ಟು ಹಿಡಿದು ಮೂಟೆಯೇ ಹಾಳು. ಮೂವತ್ತೈದು ವರ್ಷ ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ನಮ್ಮವರ ಕಿವಿಯದೇ ಕೊನೆಯ ಮಾತು. ಆ ಕಿವಿ ಮಂದವಾದ ಮೇಲೆ ಮನೆಯಲ್ಲಿ ಕಾಯಿ ಅಲ್ಲಾಡಿಸಿ ನನ್ನ ಮುಖ ನೋಡುತ್ತಿದ್ದರು. ನಾನು ತಲೆಯಾಡಿಸಿದರೆ, "ಒಣಗೈತೆ!" ಎಂದು ಘೋಷಿಸುತ್ತಿದ್ದರು. ಬಾಯಿಬಿಟ್ಟು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮಂಡಿಯಲ್ಲಿ ತಲೆಯಾಡಿಸಲು ನಾನಿರಲಿಲ್ಲವಲ್ಲ. ಒಂದು ಸಲ ಇವರು ಒಣಗಿದೆ ಎಂದ ಕಾಯಿಗಳೆಲ್ಲ ಒಳಗೆ ಬೂಷ್ಟು ಹಿಡಿದಿದ್ದವು. ಮರುದಿನದಿಂದಲೇ ಮೊಣಕಾಲು ನೋವೆಂದು ಮನೆಯಲ್ಲಿ ಕೂತರು. ಏನೂ ಆಗದ ಮೊಣಕಾಲಿಗೆ ನಾನು ಎರಡು ತಿಂಗಳು ಎಣ್ಣೆ ತಿಕ್ಕಿದೆ. ಬಂದವರೆಲ್ಲ ಕಾಲನ್ನು ನೋಡಿ ಲೊಚಗುಟ್ಟಿ ಹೋದರು. ಅವರು ಗೋಡೆ ನೋಡುತ್ತಾ ಕೂತಿದ್ದನ್ನು ಕಂಡರೆ ನನಗೆ ಅಯ್ಯೋ ಎನ್ನಿಸುತ್ತಿತ್ತು. ಬಾಯಲ್ಲಿ ಮಾತ್ರ ಬೈಗುಳವೇ ಬರುತ್ತಿತ್ತು. ತಾನಿನ್ನೂ ಕೆಲಸಕ್ಕೆ ಬರುವ ಮನುಷ್ಯ ಎಂದು ಅವರಿಗೆ ಯಾರಿಗಾದರೂ ತೋರಿಸಬೇಕಿತ್ತು. ಅದಕ್ಕೆ ಸಿಕ್ಕಿದ್ದು ಈ ದೋಣಿ.

ರಿಪೇರಿ ಕಲಿತದ್ದು ಫೋನಿನಲ್ಲಿ. ಯಾವುದೋ ದೇಶದ ಗಡ್ಡದವನೊಬ್ಬ ದೋಣಿ ಉಜ್ಜುವುದನ್ನು ದಿನಗಟ್ಟಲೆ ನೋಡಿದರು, ಸದ್ದು ಪೂರ್ತಿ ಬಂದ್ ಮಾಡಿ. "ಅವನ ಭಾಷೆ ನಮಗೆ ಬರಲ್ಲ, ಸದ್ದು ಯಾಕೆ?" ಎನ್ನುವ ಸಮರ್ಥನೆ ಬೇರೆ. ಒಂದು ಕಡೆ ಆ ಗಡ್ಡದವನು ಹಲಗೆಗಳ ಮೇಲೆ ಬಕೆಟ್ಟುಗಟ್ಟಲೆ ನೀರು ಸುರಿಯುತ್ತಿದ್ದ.

"ಇದ್ಯಾಕ್ರೀ ನೀರು ಹುಯ್ತಿದಾನೆ?" ಎಂದು ಕೂಗಿ ಕೇಳಿದೆ.

"ತೊಳೀತಿದಾನೆ ಕಣೇ. ಶುದ್ಧ ಬೇಡ್ವಾ?"

ಶುದ್ಧವಾಯಿತು. ಆಮೇಲೆ ನಮ್ಮ ಯಜಮಾನರು ತಮಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ದೋಣಿಯ ಮೇಲೆ ಪ್ರಯೋಗಿಸಿದರು. ಅದನ್ನು ಕೊಬ್ಬರಿ ಶೆಡ್ಡಿಗೆ ಹಾಕಿ ಒಣಗಿಸಿದರು. ಶಿವರಾತ್ರಿಯಿಂದ ಮುಂಗಾರಿನ ತನಕ, ಕಾದ ತಗಡಿನ ಕೆಳಗೆ, ಸಾಲದ್ದಕ್ಕೆ ಕಾಯಿಸಿಪ್ಪೆಯ ಹೊಗೆ ಹಾಕಿ. ಪಸೆ ಇದ್ದರೆ ಮರ ಕೊಳೆಯುತ್ತದೆ, ಎಷ್ಟು ಒಣಗಿದರೆ ಅಷ್ಟು ಗಟ್ಟಿ ಎಂಬ ಸಿದ್ಧಾಂತ. ಕೊಬ್ಬರಿಗೆ ಅದು ಸರಿ. ದೋಣಿ ಮಾತ್ರ ಹಲಗೆ ಹಲಗೆಯಾಗಿ ಬಾಯಿಬಿಟ್ಟಿತು. ಸಂದಿಯಲ್ಲಿ ಉಗುರು ತೂರುತ್ತಿತ್ತು. ಅದಕ್ಕೂ ಮದ್ದಿತ್ತು: ನಲ್ಲಿ ಪೈಪು ಸೋರಿದರೆ ಕಲಸಿ ಮೆತ್ತುತ್ತೇವಲ್ಲ, ಕಲ್ಲಿನಂತೆ ಗಟ್ಟಿಯಾಗುವ ಅಂಟು, ಅದನ್ನು ಉಂಡೆ ಕಟ್ಟಿ ಕಟ್ಟಿ ಎಲ್ಲ ಸಂದಿಗೂ ತುಂಬಿದರು. ಹಾಯಿಯನ್ನು ಇಲಿ ತಿಂದಿತ್ತು. ಅಂಗಳದಲ್ಲಿ ಕೊಬ್ಬರಿ ಮುಚ್ಚುವ ನೀಲಿ ಟಾರ್ಪಾಲಿನಲ್ಲಿ ನಾನೇ ಹೊಸದು ಹೊಲಿದೆ. ಗೇಲಿ ಮಾಡಿದವಳೂ ನಾನೇ, ಹೊಲಿದವಳೂ ನಾನೇ.

ದೋಣಿ ಬಿಡಲು ಆರಿಸಿದ್ದು ಹಳೇಬೀಡಿನ ಕೆರೆ. ಹೇಳಬೇಕಾದವರಿಗೆಲ್ಲ ಹೇಳಿ ಒಪ್ಪಿಸಿದ್ದರು. ಅವರ ಅಕ್ಕನ ಮನೆ ಹತ್ತಿರದ ಮಾದಿಹಳ್ಳಿಯಲ್ಲೇ ಇದೆ. ಗದ್ದೆ, ಹಸು, ಹಾಲಿನ ಡೈರಿ ಎಂದು ಎಪ್ಪತ್ತರಲ್ಲೂ ಸುಮ್ಮನೆ ಕೂರದ ಹೆಂಗಸು. ಊರಲ್ಲಿ ಯಾರ ಮರ್ಯಾದೆ ಉಳಿಯಬೇಕು, ಯಾರದು ಹೋಗಬೇಕು ಎನ್ನುವುದು ಅವರ ನಾಲಿಗೆಯ ಮೇಲಿದೆ. ಅಕ್ಕನಿಗೇ ತೋರಿಸಬೇಕು ಎನ್ನುವುದು ನಮ್ಮವರ ಹಟ.

ಅರಸೀಕೆರೆಯಿಂದ ಲಾರಿಯಲ್ಲಿ ದೋಣಿಯ ಪಕ್ಕದಲ್ಲೇ ಕೂತು ಹೊರಟೆವು. ಹಾರನಹಳ್ಳಿ ಬರುವ ಮೊದಲೇ ನನಗೆ ಸದ್ದು ಕೇಳಿಸಿತು. ಲಾರಿ ಕುಲುಕಿದಾಗಲೆಲ್ಲ ಅಂಟಿನ ಚಕ್ಕೆಗಳು ಎದ್ದು ದೋಣಿಯೊಳಗೆ ಉರುಳುತ್ತಿದ್ದವು. ಲೊಟಲೊಟ. ಅಪ್ಪಟ ಒಣಕೊಬ್ಬರಿಯ ಸದ್ದು. ಅವರು ಗಾಳಿಗೆ ಮುಖವೊಡ್ಡಿ ನಗುತ್ತಾ ಕೂತಿದ್ದರು. ತಿಂಗಳುಗಳಾದ ಮೇಲೆ ನಾನು ಆ ನಗು ಕಂಡಿದ್ದೆ.

ಕೆರೆದಂಡೆಯಲ್ಲಿ ದೋಣಿಯ ಮೂತಿಗೆ ವಿಭೂತಿ ಬಳಿದು, ಕಾಯಿ ಒಡೆದು, ಹಲಗೆಯ ಮೇಲೆ ಬೆರಳ ಗಿಣ್ಣಿನಿಂದ ಕುಟ್ಟಿದರು. ನನ್ನ ಮುಖ ನೋಡಿದರು. ಅಕ್ಕ ನೋಡುತ್ತಿದ್ದರು, ಬಟ್ಟೆ ಒಗೆಯುತ್ತಿದ್ದವರು ನೋಡುತ್ತಿದ್ದರು, ದೇವಸ್ಥಾನ ನೋಡಲು ಬಂದ ಪ್ರವಾಸಿಗರು ಕಲ್ಲಿನ ಶಿಲ್ಪಕ್ಕೆ ಬೆನ್ನು ಮಾಡಿ ನಮ್ಮ ಕಡೆ ಫೋನು ಹಿಡಿದಿದ್ದರು. ನಾನು ತಲೆಯಾಡಿಸಿದೆ.

"ಒಣಗೈತೆ!" ಎಂದರು ನಮ್ಮವರು.

ಹತ್ತು ಜನ ಸೇರಿ ನೂಕಿದರು. ಇವರು ಹತ್ತಿ ನಿಂತರು. ಒಂದರಿಂದ ಹತ್ತು ಎಣಿಸುವಷ್ಟರಲ್ಲಿ ದೋಣಿ ಎಲ್ಲ ಸಂದಿಯಿಂದಲೂ ನೀರು ಕುಡಿದು ಗೌರವದಿಂದ ಕೆಳಗಿಳಿಯಿತು. ಪುಣ್ಯಕ್ಕೆ ಸೊಂಟದ ಮಟ್ಟದ ನೀರು. ನಮ್ಮ ಯಜಮಾನರು ವಿಭೂತಿ ಸಮೇತ ಹಾಗೇ ನಿಂತಿದ್ದರು, ನೀಲಿ ಟಾರ್ಪಾಲು ತಲೆಯ ಮೇಲೆ.

ಅಕ್ಕ ಸೆರಗು ಸಿಕ್ಕಿಸಿಕೊಂಡು ದಂಡೆಗೆ ಬಂದರು. "ಏನ್ಲಾ, ಗುದ್ಲಿ ಹಿಡಿ ಸಡ್ಲಾದ್ರೆ ಏನ್ಲಾ ಮಾಡ್ತೀಯ?"

ಅವರಿಗೆ ಕೇಳಿಸಲಿಲ್ಲ. ಅಕ್ಕ ಇನ್ನೊಂದು ಸಲ, ಹಳೇಬೀಡೆಲ್ಲ ಕೇಳುವಂತೆ ಕೂಗಿದರು.

"ನೀರಾಗೆ ನೆನೆ ಹಾಕ್ತೀನಿ," ಎಂದರು ಇವರು ಸಣ್ಣ ದನಿಯಲ್ಲಿ.

"ಮತ್ತೆ? ಇದೂ ಮರ ಅಲ್ವೇನ್ಲಾ? ಒಣಗ್ಸಿದ್ರೆ ಕುಗ್ಗೋಯ್ತದೆ, ನೆನದ್ರೆ ಊದ್ಕತದೆ. ಇಷ್ಟು ತಿಳೀದೆ ಅದ್ಯಾವ ಮಂಡಿ ನಡ್ಸಿದ್ಯಲಾ? ಮೊದ್ಲು ಆ ಕಿವಿಗೆ ಮಿಸೀನ್ ಹಾಕ್ಸು."

ನಮ್ಮ ಮನೆಯಲ್ಲಿ ಯಾರೂ ಆಡದ ಮಾತನ್ನು ಅಕ್ಕ ಬಟ್ಟೆ ಒಗೆಯುವ ಕಲ್ಲಿನ ಮುಂದೆ ಆಡಿಬಿಟ್ಟರು.

ಆ ಸಂಜೆ ಅಕ್ಕನ ಮನೆಯ ಜಗುಲಿಯಲ್ಲಿ, ಭಾವನವರ ಹಳೆಯ ಪಂಚೆ ಉಟ್ಟು ಕೂತಿದ್ದವರು ನನ್ನನ್ನು ಕರೆದರು.

"ಲಾರೀಲಿ ನಿಂಗೆ ಸದ್ದು ಕೇಳಿಸ್ತಿತ್ತು, ಅಲ್ವಾ?"

"ಕೇಳಿಸ್ತಿತ್ತು."

"ಮತ್ತೆ ತಲೆ ಯಾಕೆ ಆಡಿಸ್ದೆ?"

ಪ್ರೀತಿ ಎನ್ನಬಹುದಿತ್ತು, ಆದರೆ ಆ ಪ್ರೀತಿಯೇ ಅವರನ್ನು ನಾಲ್ಕು ಜನರ ಮುಂದೆ ಮುಳುಗಿಸಿತ್ತು. ನಾಚಿಕೆಯಾಯಿತು. ಇಷ್ಟು ದಿನ ಇವರನ್ನು ಆಡಿಕೊಂಡು ನಕ್ಕಿದ್ದೆ; ನಿಜಕ್ಕೂ ನಗಬೇಕಾಗಿದ್ದುದು ನನ್ನನ್ನು ನೋಡಿ.

ಪಸೆಯ ಮೇಲೆ ಹಗೆ ಸಾಧಿಸಿ ಬದುಕಿದ ಮನುಷ್ಯ ಮರುದಿನ ತನ್ನ ಕೈಯಾರೆ ದೋಣಿಗೆ ಕಲ್ಲು ಹೇರಿ ಕೆರೆಯ ಅಂಚಿನಲ್ಲಿ ಮುಳುಗಿಸಿದರು. ಅದಕ್ಕೆ ಮೊದಲು ಉಳಿದ ಅಂಟನ್ನೆಲ್ಲ ಇಬ್ಬರೂ ಕೂತು ಉಳಿಯಿಂದ ಕೆರೆದೆವು. ಎಂಟು ದಿನ ದೋಣಿ ನೀರಿನಲ್ಲಿತ್ತು. ಇವರು ದಿನಾ ಹೋಗಿ, ಎಮ್ಮೆ ಕಾಯುವವರಂತೆ ದಂಡೆಯ ಮೇಲೆ ಕೂತು ಬರುತ್ತಿದ್ದರು. ಎತ್ತಿ ನೋಡಿದರೆ ಹಲಗೆಗಳು ಒಂದಕ್ಕೊಂದು ಒತ್ತಿ ಕೂತಿದ್ದವು. ಒಂದೆರಡು ಸಂದಿ ಮಾತ್ರ ಮುನಿಸು ಬಿಟ್ಟಿರಲಿಲ್ಲ. ಅವಕ್ಕೆ ನಾನೂ ಅಕ್ಕನೂ ದೇವರ ದೀಪಕ್ಕೆ ಹೊಸೆಯುವ ಹತ್ತಿ ಬತ್ತಿಯನ್ನೇ ಉದ್ದುದ್ದ ಹೊಸೆದು, ಮೇಣದಲ್ಲಿ ಅದ್ದಿ ತುರುಕಿದೆವು.

ಎರಡನೇ ಸಲ ವಿಭೂತಿಯೂ ಇಲ್ಲ, ಭಾಷಣವೂ ಇಲ್ಲ. ಆಷಾಢದ ಗಾಳಿ ಬೀಸುತ್ತಿತ್ತು. ಅಕ್ಕ ನಮ್ಮಿಬ್ಬರ ಸೊಂಟಕ್ಕೂ ಗಾಳಿ ತುಂಬಿದ ಟ್ಯೂಬು ಕಟ್ಟಿದರು, ಬೈಯುತ್ತಲೇ. ನೀರಿಗೆ ಇಳಿದ ದೋಣಿ ಒಂದು ಗಳಿಗೆ ವಾಲಿತು, ಆಮೇಲೆ ನೆಟ್ಟಗಾಯಿತು. ಟಾರ್ಪಾಲು ಫಟ್ ಎಂದು ಉಬ್ಬಿತು. ನಿಧಾನವಾಗಿ, ನಾವು ಅಂದುಕೊಂಡ ದಿಕ್ಕು ಬಿಟ್ಟು ಬೇರೆ ದಿಕ್ಕಿಗೆ, ತೇಲತೊಡಗಿದೆವು.

ಅವರು ಹಲಗೆಯ ಮೇಲೆ ಕೈಯಿಟ್ಟರು. ನಾನು ಅಭ್ಯಾಸಬಲದಿಂದ ಮುಖ ಸಜ್ಜು ಮಾಡಿಕೊಂಡೆ. ಈ ಸಲ ಅವರು ನನ್ನ ಮುಖ ನೋಡಲಿಲ್ಲ.

"ನಂಗೆ ಕೇಳ್ಸಲ್ಲ ಕಣೇ," ಎಂದರು ಗಟ್ಟಿಯಾಗಿ, ದಂಡೆಯಲ್ಲಿ ನಿಂತ ಅಕ್ಕನಿಗೂ ತಲುಪುವಂತೆ. "ನೀನು ಕೇಳಿ ಹೇಳು."

ನಾನು ಬಗ್ಗಿ ಹಲಗೆಗೆ ಕಿವಿಯಿಟ್ಟೆ. ಕಾಲ ಬುಡದಲ್ಲಿ ಎಲ್ಲೋ, ಸಣ್ಣಗೆ, ಜುಳುಜುಳು ಎನ್ನುತ್ತಿತ್ತು. ತಲೆ ತಾನಾಗಿಯೇ ಆಡಲು ಹೊರಟಿತ್ತು. ಹಿಡಿದು ನಿಲ್ಲಿಸಿ, ಇಡೀ ಕೆರೆಗೆ ಕೇಳುವಂತೆ ಕೂಗಿದೆ.

"ಸೋರ್ತಿದೆ ಕಣ್ರೀ! ಚೊಂಬು ತಗೊಳ್ಳಿ!"

ಅವರಿಗೂ ಕೇಳಿಸಿತು. ಚೊಂಬು ತೆಗೆದುಕೊಂಡು, ನಗುತ್ತಾ, ನೀರು ಮೊಗೆದು ಹಾಕತೊಡಗಿದರು.