ಶನಿವಾರ ಮಧ್ಯಾಹ್ನದ ಆ ದನಿ

ಮಾನ್ಯ ಓದುಗರಲ್ಲಿ ವಿನಂತಿ. ನನ್ನ ಅಕ್ಷರ ಚೆನ್ನಾಗಿಲ್ಲ, ಕಾಗುಣಿತವೂ ಅಷ್ಟಕ್ಕಷ್ಟೇ. ಮೊದಲ ಬಾರಿ ಬರೆಯುತ್ತಿರುವುದರಿಂದ ಮನ್ನಿಸಬೇಕಾಗಿ ಕೋರುತ್ತೇನೆ.

ಮೊನ್ನೆ ಇಲ್ಲಿ ಕೊಲ್ಲಿ ನಾಡಿನ ಬನಿಯಾಸ್‌ನ ನನ್ನ ಕೋಣೆಯಲ್ಲಿ ಹಳೆಯ ಉಪಕರಣಗಳ ಪೆಟ್ಟಿಗೆ ತೆರೆದಾಗ, ಮೈಕಿಗೆ ಹೊದಿಸುವ ಕಪ್ಪು ಸ್ಪಂಜೊಂದು ಸಿಕ್ಕಿತು. ಮೂಸಿದೆ. ಜ್ಯೇಷ್ಠಮಧುವಿನ ವಾಸನೆ ಇನ್ನೂ ಇತ್ತು...

ದುಬೈಯ ಹೋಟೆಲೊಂದರಲ್ಲಿ ನಾನು ಧ್ವನಿವರ್ಧಕಗಳ ತಂತಿ ಜೋಡಿಸುವ ಕೆಲಸದಲ್ಲಿದ್ದಾಗ, ಶನಿವಾರ ಮಧ್ಯಾಹ್ನದ ಊಟದ ಹೊತ್ತಿಗೆ ಐರ್ಲೆಂಡಿನ ಗಾಯಕಿಯೊಬ್ಬರು ಹಾಡುತ್ತಿದ್ದರು. ಗಂಟಲಿಗೆಂದು ಅವರಿಗೆ ಜ್ಯೇಷ್ಠಮಧುವಿನ ಕಡ್ಡಿ ಕೊಡುತ್ತಿದ್ದವನು ನಾನು. ನಮ್ಮ ಉಡುಪಿಯ ಹುಡುಗರು ಕರೆಯುವುದನ್ನು ಕೇಳಿ ಅವರೂ ನನ್ನನ್ನು ಅಣ್ಣ ಎನ್ನುತ್ತಿದ್ದರು. ಆ ಗಾಯಕಿ ತಮ್ಮ ದೇಶದ ಮೀನುಗಾರರ ಊರಿನಲ್ಲಿ ಹುಟ್ಟಿ, ಚರ್ಚಿನಲ್ಲಿ ಹಾಡಿ ಬೆಳೆದು, ಹಳೆಯ ಸಿಂಥಸೈಜರ್ ಕೀಬೋರ್ಡೊಂದರ ನಾದದ ಮೇಲೆ ತಮ್ಮದೇ ದನಿಯನ್ನು ಪದರ ಪದರವಾಗಿ ಜೋಡಿಸಿ ಹಾಡು ಕಟ್ಟಿದವರು. ಅವರ ದೇಶದ ರೇಡಿಯೋದಲ್ಲಿ ಒಂದು ಬೇಸಿಗೆಯಿಡೀ ಅವರ ಹಾಡೇ ಕೇಳಿಬರುತ್ತಿತ್ತಂತೆ. ಆಮೇಲೆ ರೆಕಾರ್ಡ್ ಕಂಪನಿ ಕೈಬಿಟ್ಟಿತು... ದುಬೈಗೆ ಬಂದರು.

ಹೊಸದಾಗಿ ಕಟ್ಟಿದ್ದ ತಮ್ಮದೊಂದು ಹಾಡನ್ನು ಒಮ್ಮೆ ಜನರ ಮುಂದೆ ಹಾಡಬೇಕೆಂಬುದೇ ಅವರ ಆಸೆ. ವಾರವಾರವೂ ಕೇಳುತ್ತಿದ್ದರು. ಊಟಕ್ಕೆ ಬರುವವರಿಗೆ ಗೊತ್ತಿರುವ ಹಾಡುಗಳೇ ಸಾಕೆಂದು ಮ್ಯಾನೇಜರು ತಳ್ಳಿಹಾಕುತ್ತಿದ್ದರು.

ಗಂಟಲು ಕೆಟ್ಟ ದಿನಕ್ಕಿರಲಿ ಎಂದು ಅದೇ ಮ್ಯಾನೇಜರು ಎಲ್ಲ ಹಾಡುಗಳನ್ನೂ ಧ್ವನಿಮುದ್ರಿಸಿಕೊಂಡರು. ಗಾಯಕಿ ನಂಬಿದರು. ಕೊನೆಯಲ್ಲಿ ತಮ್ಮ ಹಾಡನ್ನೂ ಸೇರಿಸಿದರು. ಮರುತಿಂಗಳೇ ಹೋಟೆಲಿನವರು ಅವರ ವೀಸಾ ರದ್ದುಮಾಡಿ ಊರಿಗೆ ಕಳಿಸಿದರು. ಅವರ ಜಾಗಕ್ಕೆ ಬಂದ ಹುಡುಗಿಯ ಕೈಗೆ ಬಂದ್ ಮಾಡಿದ ಮೈಕು ಕೊಟ್ಟರು. ತುಟಿ ಅವಳದು, ದನಿ ಇವರದು. ಬೇಡವೆಂದಿದ್ದ ಆ ಹಾಡೂ ಬಂತು.

ಇದು ಅನ್ಯಾಯವೆಂದು ಸವಿನಯವಾಗಿ ಅರಿಕೆ ಮಾಡಿಕೊಂಡೆ. ಮ್ಯಾನೇಜರು ನಮ್ಮ ಕುಂದಾಪುರದ ಕಡೆಯವರೇ.

"ಖಲಾಸ್ ಮಾರಾಯ. ದನಿ ಈಗ ಹೋಟೆಲಿಂದು. ನೀನು ವಯರ್ ನೋಡ್ಕೊ," ಎಂದು ನಕ್ಕರು.

ಆ ನಗು ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಆ ವಾರವೇ ಕೆಲಸ ಬಿಟ್ಟೆ. ಗಾಯಕಿಗೆ ಫೋನು ಮಾಡಿ ವಿಷಯ ತಿಳಿಸಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಕೇಳಿದ್ದು ಇಷ್ಟೇ:

"ಅಣ್ಣ, ನನ್ನ ಹಾಡಿಗೆ ಚಪ್ಪಾಳೆ ಬಿತ್ತಾ?"

ಬಿದ್ದಿತ್ತು. ಜೋರಾಗಿಯೇ ಬಿದ್ದಿತ್ತು. ಹಾಗೆಂದೇ ಹೇಳಿದೆ.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರೆಂದು ಅವರ ತಂಗಿ ತಿಳಿಸಿದರು. ಅಲ್ಲಿರುವ ನಮ್ಮ ಹುಡುಗರು ಹೇಳುವಂತೆ, ಆ ಹೋಟೆಲಿನಲ್ಲಿ ಶನಿವಾರಗಳಂದು ಇಂದಿಗೂ ಅದೇ ದನಿ. ತುಟಿಗಳು ಮಾತ್ರ ಬದಲಾಗುತ್ತಿವೆ. ಸ್ಪಂಜನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟೆ.

ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ತಾವು ದಯವಿಟ್ಟು ತಿದ್ದಬೇಕು. ಆದರೆ, ಆ ಹೋಟೆಲಿನವರು ಅವರ ದನಿಯನ್ನು ಕದ್ದರು. ಈ ಒಂದು ವಾಕ್ಯವನ್ನು ಮುಟ್ಟಬಾರದಾಗಿ ವಿನಂತಿ.